ಸಾಕುನಾಯಿಗೆ ಶಿಸ್ತು ಕಲಿಸುವ ಬಗೆ

(ಯಲಹಂಕ ಸುತ್ತಿನ ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ರಾಗಿ, ಅವರೆ, ದ್ರಾಕ್ಷಿಗಳ ಬೇಸಾಯ ಕುರಿತು ಮಾತನಾಡಬೇಕಾದ ಬೇಸಾಯಶಾಸ್ತ್ರದ ಅಧ್ಯಾಪಕ ನಾಯಿಯ ವಿಷಯವನ್ನೇಕೆ ಎತ್ತಿಕೊಂಡ ಎಂದು ತಮಗೆ ಅನ್ನಿಸಬಹುದು. ಕಾರಣ ಸರಳವಾಗಿದೆ. ಹೊಲ ನೋಡಲು ಬರುವ ನಮ್ಮಂಥವರಿಗೆ ಮೊದಲು ಎದುರಾಗುವುದು ರೈತನಲ್ಲ, ರೈತನ ನಾಯಿ. ಕೃಷಿ ಸಹಾಯಕರು, ಪಶುವೈದ್ಯರು, ಅಂಚೆಯವರು, ಮೀಟರ್ ಓದುವವರು ಬೇಲಿಯ ಹೊರಗೇ ನಿಂತು "ಸ್ವಲ್ಪ ನಾಯಿ ಹಿಡ್ಕೊಳ್ರಪ್ಪಾ" ಎಂದು ಕೂಗುವುದು ದಿನನಿತ್ಯದ ಮಾತು. ಒಳಗಿನಿಂದ ಬರುವ ಉತ್ತರವೂ ಒಂದೇ: "ಏನೂ ಮಾಡಲ್ಲ, ಬನ್ನಿ ಸಾರ್." ಆ ಮಾತನ್ನು ನಂಬಿ ಒಳಗೆ ಹೆಜ್ಜೆಯಿಟ್ಟವರ ಪೈಕಿ ಕೆಲವರು ನೇರ ಆಸ್ಪತ್ರೆಗೆ ಹೋಗಿದ್ದಾರೆ.

ಹಿಂದೆ ಈ ತೊಂದರೆ ಇಷ್ಟಿರಲಿಲ್ಲ. ಯಲಹಂಕ, ಜಕ್ಕೂರು, ಕೋಗಿಲು, ಬಾಗಲೂರುಗಳ ಸುತ್ತ ತೋಟದ ಮನೆಗಳು ದೂರ ದೂರ ಇದ್ದವು. ನಾಯಿ ಹಗಲಲ್ಲಿ ಹುಣಸೆಮರದ ನೆರಳಲ್ಲಿ ಮಲಗಿ, ರಾತ್ರಿ ಕಣ ಕಾಯುತ್ತಿತ್ತು. ಊರಿನವರೆಲ್ಲರ ವಾಸನೆಯೂ ಅದಕ್ಕೆ ಗೊತ್ತಿತ್ತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದ ಚಹರೆ ಬೇಗ ಬೇಗ ಬದಲಾಗಿದೆ. ಹೊಲದ ಪಕ್ಕದಲ್ಲಿ ಬಡಾವಣೆ, ಬಡಾವಣೆಯ ಪಕ್ಕದಲ್ಲಿ ಶಾಲೆ, ಶಾಲೆಯ ಮುಂದೆ ವಾಹನಗಳ ಸಾಲು. ದಿನಕ್ಕೆ ಹತ್ತು ಜನ ಅಪರಿಚಿತರು ಮನೆಯ ಮುಂದೆ ಹಾದುಹೋಗುತ್ತಾರೆ. ನಾಯಿಯ ಸುತ್ತಲಿನ ಲೋಕ ಬದಲಾಯಿತು, ಆದರೆ ನಾವು ನಾಯಿಗೆ ಕಲಿಸುವ ಪಾಠ ಬದಲಾಗಲಿಲ್ಲ. ನಮ್ಮ ಕಡೆ ಮರಿಗೆ ಕಲಿಸುವ ಮೊದಲ ಮಾತು ಇಂದಿಗೂ "ಛೂ." ಅದನ್ನು ಕಲಿಸದೆಯೇ ನಾಯಿ ಮನೆ ಕಾಯುತ್ತದೆ. ಕಲಿಸಬೇಕಾದದ್ದು "ಬಾ", "ಕೂತ್ಕೋ", "ಬಿಡು" ಎಂಬ ಮಾತುಗಳನ್ನು.

ನಾಯಿ ಕಲಿಯಬಲ್ಲದೆ?

"ನಾಯಿ ಬಾಲ ಡೊಂಕು" ಎಂಬ ಗಾದೆಯನ್ನು ಹೇಳಿ ಕೈಚೆಲ್ಲುವವರಿದ್ದಾರೆ. ಬಾಲ ಡೊಂಕಾಗಿದ್ದರೆ ಇರಲಿ, ಬುದ್ಧಿ ಡೊಂಕಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಆತಕೂರಿನ ಶಾಸನವನ್ನು ಅವಶ್ಯವಾಗಿ ನೋಡಬೇಕು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಕಲ್ಲು ಕ್ರಿ.ಶ. 949-50ರ ಕಾಲದ್ದು. ಗಂಗರ ಬೂತುಗನು ತನ್ನ ವೀರ ಮಣಲರತನಿಗೆ ಮೆಚ್ಚಿ ಕೊಟ್ಟ 'ಕಾಳಿ' ಎಂಬ ಬೇಟೆನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ದತ್ತಿ ಬಿಟ್ಟರು. ಸಾವಿರ ವರ್ಷಗಳ ಹಿಂದೆಯೇ ನಾಯಿಯ ಸೇವೆಯನ್ನು ಕಲ್ಲಿನ ಮೇಲೆ ಬರೆಸಿದ ನಾಡು ನಮ್ಮದು.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ತಾವು ಬಲ್ಲಿರಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. 2016ರಲ್ಲಿ ಭಾರತೀಯ ಸೇನೆ ಈ ತಳಿಯ ಮರಿಗಳನ್ನು ಮೀರತ್‌ನ ತನ್ನ ಕೇಂದ್ರದಲ್ಲಿ ತರಬೇತಿಗೆ ತೆಗೆದುಕೊಂಡಿತು. ಹಳ್ಳಿಯಲ್ಲಿ ಮೊಲ ಅಟ್ಟುತ್ತಿದ್ದ ನಾಯಿ ಸೈನಿಕನ ಮಾತು ಕೇಳುವುದಾದರೆ, ನಮ್ಮ ಮನೆಯ ನಾಯಿ ನಮ್ಮ ಮಾತು ಕೇಳದೆ ಇರುವುದೆ? ಊರನಾಯಿಯ ಮರಿಯೂ ಅಷ್ಟೇ ಚುರುಕಾಗಿ ಕಲಿಯುತ್ತದೆ. ನಮ್ಮ ಹವೆಗೆ ಹೊಂದಿಕೊಂಡ ಅದಕ್ಕೆ ಆರೈಕೆಯ ಖರ್ಚೂ ಕಡಿಮೆ. ಸಾವಿರಾರು ರೂಪಾಯಿ ಕೊಟ್ಟು ಶೀತದೇಶದ ಉದ್ದಗೂದಲಿನ ನಾಯಿ ತಂದು ಬಿಸಿಲಿನಲ್ಲಿ ನರಳಿಸುವುದಕ್ಕಿಂತ ಇದು ಎಷ್ಟೋ ಮೇಲು.

ಕಲಿಕೆಯ ತತ್ತ್ವ

ರಷ್ಯಾ ದೇಶದ ವಿಜ್ಞಾನಿ ಪಾವ್ಲೋವ್ ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ಆಹಾರ ಬರುವ ಮುನ್ನ ಪ್ರತಿಸಲವೂ ಒಂದು ಸೂಚನೆ ಕೊಡುತ್ತಾ ಬಂದರೆ, ಕೊನೆಗೆ ಬರೀ ಸೂಚನೆಗೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುತ್ತದೆಂದು ಅವರು ತೋರಿಸಿಕೊಟ್ಟರು. ಹಾಲಿನ ಕ್ಯಾನಿನ ಸದ್ದು ಕೇಳಿದೊಡನೆ ತಮ್ಮ ನಾಯಿ ಎದ್ದು ಬರುವುದಿಲ್ಲವೆ? ಅದೂ ಇದೇ ತತ್ತ್ವ. ಇದರ ಜೊತೆಗೆ ಇನ್ನೊಂದು ನಿಯಮವಿದೆ: ಯಾವ ಕೆಲಸದಿಂದ ಲಾಭ ಸಿಗುತ್ತದೆಯೋ ಅದನ್ನು ನಾಯಿ ಮತ್ತೆ ಮತ್ತೆ ಮಾಡುತ್ತದೆ, ಲಾಭ ಸಿಗದ್ದನ್ನು ಕ್ರಮೇಣ ಬಿಡುತ್ತದೆ.

ಇಲ್ಲಿ ಮುಖ್ಯವಾದದ್ದು ಸಮಯ. ಮೇಲುಗೊಬ್ಬರವನ್ನು ಹದ ತಪ್ಪಿಸಿ ಹಾಕಿದರೆ ಬೆಳೆಗೆ ದಕ್ಕದು. ಹಾಗೆಯೇ ನಾಯಿ ಕುಳಿತ ಒಂದೆರಡು ಸೆಕೆಂಡಿನೊಳಗೆ ತಿಂಡಿಯೋ "ಶಭಾಷ್" ಎಂಬ ಮಾತೋ ಸಿಗಬೇಕು. ಒಳಗೆ ಹೋಗಿ ಬಿಸ್ಕತ್ತು ಹುಡುಕಿ ತರುವಷ್ಟರಲ್ಲಿ ನಾಯಿ ಎದ್ದು ಬೊಗಳುತ್ತಿದ್ದರೆ, ತಾವು ಬಹುಮಾನ ಕೊಟ್ಟದ್ದು ಬೊಗಳಿದ್ದಕ್ಕೆ ಎಂದಾಯಿತು. ಶಿಕ್ಷೆಯ ಮಾತೂ ಇದೇ. ಬೆಳಿಗ್ಗೆ ಕೋಳಿ ಹಿಡಿದ ನಾಯಿಗೆ ಮಧ್ಯಾಹ್ನ ಹೊಡೆದರೆ, ಯಜಮಾನ ಹತ್ತಿರ ಬಂದರೆ ಏಟು ಬೀಳುತ್ತದೆ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಆಮೇಲೆ ಕರೆದರೆ ಅದು ಬರುವುದಿಲ್ಲ.

ಬಿತ್ತನೆಗೆ ಹದವಾದ ಕಾಲ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಮರಿ ಹುಟ್ಟಿದ 3ನೆಯ ವಾರದಿಂದ ಸುಮಾರು 14ನೆಯ ವಾರದವರೆಗಿನ ಅವಧಿ ಬಹಳ ಮುಖ್ಯ. ಈ ಅವಧಿಯಲ್ಲಿ ಕಂಡ ಜನ, ಪ್ರಾಣಿ, ಸದ್ದುಗಳನ್ನು ಮರಿ ಹೆದರದೆ ಒಪ್ಪಿಕೊಳ್ಳುತ್ತದೆ. ಕಾಣದೆ ಉಳಿದವುಗಳಿಗೆ ಮುಂದೆ ಹೆದರುತ್ತದೆ. ಹೆದರಿದ ನಾಯಿಯೇ ಸಾಮಾನ್ಯವಾಗಿ ಕಚ್ಚುವುದು. ಆದ್ದರಿಂದ ಮರಿಗೆ 8 ವಾರವಾಗುವವರೆಗೆ ತಾಯಿಯ ಬಳಿಯಿಂದ ಬಿಡಿಸಬೇಡಿ. ಒಡಹುಟ್ಟಿದ ಮರಿಗಳೊಡನೆ ಆಡುವಾಗಲೇ ಎಷ್ಟು ಮೆಲ್ಲಗೆ ಕಚ್ಚಬೇಕೆಂಬುದನ್ನು ಅದು ಕಲಿಯುತ್ತದೆ.

ಮನೆಗೆ ತಂದ ಮೇಲೆ ಮರಿಗೆ ಮಕ್ಕಳು, ಮುದುಕರು, ಟೋಪಿ ಹಾಕಿದವರು, ಹೆಲ್ಮೆಟ್ ಧರಿಸಿದವರು, ಕೊಡೆ ಹಿಡಿದವರು, ಟ್ರ್ಯಾಕ್ಟರ್, ಪಂಪ್‌ಸೆಟ್, ಹಸು, ಕುರಿ, ಕೋಳಿ ಎಲ್ಲವನ್ನೂ ಪರಿಚಯ ಮಾಡಿಸಬೇಕು. ಒಂದೊಂದು ಹೊಸ ಸಂಗತಿಯ ಜೊತೆಗೂ ಒಂದು ಚೂರು ತಿಂಡಿ ಕೊಡಿ. ಲಸಿಕೆಗಳೆಲ್ಲ ಮುಗಿಯುವವರೆಗೆ ಬೀದಿಯಲ್ಲಿ ನಡೆಸದೆ, ಕಂಕುಳಲ್ಲಿ ಎತ್ತಿಕೊಂಡು ತೋರಿಸಿದರೂ ಸಾಕು.

ಐದು ಪಾಠಗಳು

ಪಾಠಕ್ಕೆ ಬೇಕಾದ ಸಾಮಗ್ರಿ ಕಡಿಮೆ. ಅಗಲವಾದ ಕೊರಳಪಟ್ಟಿ, ಎರಡು ಮೀಟರ್ ಉದ್ದದ ಗಟ್ಟಿ ಹಗ್ಗ, ಅವರೆಕಾಳಿನ ಗಾತ್ರದ ತಿಂಡಿಯ ಚೂರುಗಳು. ಚಪಾತಿ, ಬೇಯಿಸಿದ ಮೊಟ್ಟೆ, ಒಣಗಿಸಿದ ಮುದ್ದೆ ಯಾವುದಾದರೂ ಆದೀತು. ಇದನ್ನು ದಿನದ ಊಟದಲ್ಲೇ ಲೆಕ್ಕ ಹಿಡಿಯಿರಿ. ದಿನಕ್ಕೆ ಮೂರು ಸಲ, ಸಲಕ್ಕೆ ಐದು ನಿಮಿಷ ಪಾಠ. ಊಟಕ್ಕೆ ಮುಂಚೆ, ಹಸಿವಿರುವಾಗ ಮಾಡುವುದು ಒಳ್ಳೆಯದು. ಇನ್ನೊಂದು ಮುಖ್ಯ ಮಾತು: ಮನೆಮಂದಿಯೆಲ್ಲ ಒಂದೇ ಪದ ಬಳಸಬೇಕು. ಅಪ್ಪ "ಕೂತ್ಕೋ", ಮಗ "ಸಿಟ್", ಅಜ್ಜಿ "ಮಲ್ಕೋ" ಎಂದರೆ ನಾಯಿ ಯಾರ ಮಾತನ್ನು ಕೇಳಬೇಕು?

1. ಬಾ: ನಾಯಿಯ ಹೆಸರು ಹಿಡಿದು "ಬಾ" ಎಂದು ಹರ್ಷದಿಂದ ಕರೆದು, ಬಂದೊಡನೆ ತಿಂಡಿ ಕೊಡಿ. ಮೊದಲು ಮನೆಯೊಳಗೆ, ನಂತರ ಅಂಗಳದಲ್ಲಿ ಉದ್ದ ಹಗ್ಗ ಕಟ್ಟಿ, ಕೊನೆಗೆ ಹೊಲದಲ್ಲಿ. ಕರೆದು ಎಂದೂ ಗದರಬಾರದು, ಹೊಡೆಯಬಾರದು. ತಡವಾಗಿ ಬಂದರೂ ಬಂದದ್ದಕ್ಕೆ ಮೆಚ್ಚುಗೆಯೇ ಸಲ್ಲಬೇಕು. ರಸ್ತೆಗೆ ನುಗ್ಗಿದ ನಾಯಿಯನ್ನು ಲಾರಿಯಿಂದ ಉಳಿಸುವುದು ಈ ಒಂದೇ ಪದ.

2. ಕೂತ್ಕೋ: ತಿಂಡಿಯನ್ನು ಮೂಗಿನ ಮುಂದೆ ಹಿಡಿದು ನಿಧಾನವಾಗಿ ತಲೆಯ ಹಿಂದಕ್ಕೆ ಒಯ್ಯಿರಿ. ಮೂತಿ ಮೇಲೆದ್ದಂತೆ ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ಆಗ ಪದ ಹೇಳಿ ತಿಂಡಿ ಕೊಡಿ. ಬೆನ್ನನ್ನು ಅದುಮಿ ಕೂರಿಸುವುದು ಬೇಡ.

3. ಇರು: ಕುಳಿತ ನಾಯಿಗೆ ಅಂಗೈ ತೋರಿಸಿ "ಇರು" ಎಂದು ಒಂದು ಹೆಜ್ಜೆ ಹಿಂದೆ ಸರಿದು, ಕೂಡಲೇ ಮರಳಿ ಬಂದು ತಿಂಡಿ ಕೊಡಿ. ಹೆಜ್ಜೆಗಳನ್ನೂ ಹೊತ್ತನ್ನೂ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಗೇಟು ತೆರೆಯುವಾಗ, ಹಾಲು ಕರೆಯುವಾಗ ಈ ಪಾಠ ಉಪಯೋಗಕ್ಕೆ ಬರುತ್ತದೆ.

4. ಬಿಡು: ಮುಚ್ಚಿದ ಮುಷ್ಟಿಯಲ್ಲಿ ತಿಂಡಿ ಹಿಡಿಯಿರಿ. ನಾಯಿ ನೆಕ್ಕುತ್ತದೆ, ಕೆರೆಯುತ್ತದೆ. ಅದು ಬಿಟ್ಟು ಮೂತಿ ಹಿಂದೆಳೆದುಕೊಂಡ ಕ್ಷಣ "ಬಿಡು" ಎಂದು ಇನ್ನೊಂದು ಕೈಯಿಂದ ಬೇರೆ ಚೂರು ಕೊಡಿ. ಇಲಿಪಾಷಾಣವಾಗಿ ಬಳಸುವ ಜಿಂಕ್ ಫಾಸ್ಫೈಡ್ ಬೆರೆಸಿದ ತಿಂಡಿ, ಸತ್ತ ಇಲಿ, ಬಡಾವಣೆಯ ಕಸದ ರಾಶಿ ಇವುಗಳಿಂದ ನಾಯಿಯ ಜೀವ ಉಳಿಸುವುದು ಈ ಪಾಠ. ಆದರೂ ಪಾಷಾಣ ಇಡುವ ರಾತ್ರಿ ನಾಯಿಯನ್ನು ಕಟ್ಟಿಹಾಕುವುದು ಕಡ್ಡಾಯ.

5. ಜೊತೆಗೆ ನಡೆ: ನಾಯಿ ಹಗ್ಗ ಜಗ್ಗಿದರೆ ತಾವು ನಿಂತುಬಿಡಿ. ಹಗ್ಗ ಸಡಿಲವಾದರೆ ನಡೆಯಿರಿ. ಜಗ್ಗಿದರೆ ದಾರಿ ಸಾಗದು ಎಂಬುದು ಒಂದೆರಡು ವಾರಗಳಲ್ಲಿ ಅದಕ್ಕೆ ಅರ್ಥವಾಗುತ್ತದೆ.

ಮನೆಯ ನಡವಳಿಕೆ

ಮರಿ ನಿದ್ದೆಯಿಂದ ಎದ್ದೊಡನೆ, ಉಂಡೊಡನೆ, ಆಡಿ ಮುಗಿಸಿದೊಡನೆ ಹೊರಗೆ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಮಲಮೂತ್ರ ಮಾಡಿದರೆ ಮೆಚ್ಚುಗೆ. ಒಳಗೆ ಮಾಡಿದರೆ ಸದ್ದಿಲ್ಲದೆ ಒರೆಸಿಬಿಡಿ. ಮೂತಿಯನ್ನು ಅದಕ್ಕೆ ತಿಕ್ಕುವ ಹಳೆಯ ಪದ್ಧತಿಯಿಂದ ಏನೂ ಪ್ರಯೋಜನವಿಲ್ಲ. ಬಡಾವಣೆಯ ರಸ್ತೆಯಲ್ಲಿ ನಾಯಿ ನಡೆಸುವವರು ಕಾಗದವನ್ನೋ ಚೀಲವನ್ನೋ ಒಯ್ದು ಮಲವನ್ನು ತೆಗೆದುಹಾಕಬೇಕು. ನೆರೆಮನೆಯ ರಂಗೋಲಿಯ ಮೇಲೆ ನಮ್ಮ ನಾಯಿಯ ಗುರುತು ಬಿದ್ದರೆ ಜಗಳ ಹುಟ್ಟುವುದು ಮನುಷ್ಯರ ನಡುವೆ.

ಮೈಮೇಲೆ ಹಾರುವ ನಾಯಿಗೆ ಬೆನ್ನು ತಿರುಗಿಸಿ ನಿಲ್ಲಿ; ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮುದ್ದಿಸಿ. ಬೊಗಳುವುದು ನಾಯಿಯ ಕರ್ತವ್ಯ, ಅದನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ. ಪಂಪ್‌ಸೆಟ್ಟಿನ ಕೇಬಲ್ ಕದಿಯುವವರ ಕಾಲದಲ್ಲಿ ಅದು ಬೇಕು ಕೂಡ. ನಾಲ್ಕು ಸಲ ಬೊಗಳಿದ ಮೇಲೆ ತಾವು ಹೊರಬಂದು ನೋಡಿ, "ಸಾಕು" ಎಂದು ಹತ್ತಿರ ಕರೆದು ಕೂರಿಸಿ. ಹೀಗೆ ಮಾಡಿದರೆ ಸುದ್ದಿ ಮುಟ್ಟಿಸುವುದು ತನ್ನ ಕೆಲಸ, ತೀರ್ಮಾನ ಯಜಮಾನನದು ಎಂಬುದನ್ನು ನಾಯಿ ಕಲಿಯುತ್ತದೆ. ಒಳ್ಳೆಯ ಕಾವಲುನಾಯಿಯ ಲಕ್ಷಣವೆಂದರೆ ಇದೇ.

ಸರಪಳಿಯ ಕೆಡುಕು

ಹುಟ್ಟಿದಾರಭ್ಯ ಗೂಟಕ್ಕೆ ಕಟ್ಟಿದ ನಾಯಿ ಹೆಚ್ಚು ಉಗ್ರವಾಗುತ್ತದೆ, ಅದರಿಂದ ಕಾವಲು ಚೆನ್ನಾಗಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಪ್ರಬಲವಾಗಿದೆ. ಉಗ್ರವಾಗುವುದು ನಿಜ. ಆದರೆ ಅದು ಕಳ್ಳನನ್ನೂ ಮೊಮ್ಮಗನನ್ನೂ ಬೇರ್ಪಡಿಸಿ ನೋಡದು. ಓಡಿಹೋಗಲು ಜಾಗವಿಲ್ಲದ ಪ್ರಾಣಿಗೆ ಕಚ್ಚುವುದೊಂದೇ ದಾರಿ. ಸರಪಳಿ ಕಿತ್ತುಕೊಂಡ ದಿನ ಅದರ ಎದುರಿಗೆ ಯಾರಿರುತ್ತಾರೋ ಹೇಳಲಾಗದು.

ಕಾನೂನೂ ಈ ಬಗ್ಗೆ ಸ್ಪಷ್ಟವಾಗಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ತೀರ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಪ್ರಾಣಿಯನ್ನು ಮಿತಿಮೀರಿದ ಹೊತ್ತು ಕಟ್ಟುವುದೂ, ಸದಾ ಕಟ್ಟಿರುವ ನಾಯಿಗೆ ವ್ಯಾಯಾಮ ಕೊಡದಿರುವುದೂ ಅಪರಾಧ. ಇತ್ತ ಅಜಾಗರೂಕತೆಯಿಂದ ನಾಯಿಯನ್ನು ಬಿಟ್ಟು ಜನರ ಪ್ರಾಣಕ್ಕೆ ಅಪಾಯ ತಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ, 5000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸದಾ ಕಟ್ಟಿಹಾಕಿದರೂ ತಪ್ಪು, ಹೊಣೆಯಿಲ್ಲದೆ ಬಿಟ್ಟರೂ ತಪ್ಪು. ಇವೆರಡರ ನಡುವಿನ ಸುರಕ್ಷಿತ ದಾರಿಯೇ ತರಬೇತಿ. ಬೆಳಿಗ್ಗೆ ಸಂಜೆ ಅರ್ಧ ಗಂಟೆ ನಡಿಗೆ, ಹಗಲು ಬೇಲಿಯೊಳಗೆ ಓಡಾಟ, ಅತಿಥಿಗಳು ಬಂದಾಗ ಮಾತ್ರ ಸ್ವಲ್ಪ ಹೊತ್ತು ಕಟ್ಟುವುದು. ಬೇಸಿಗೆಯಲ್ಲಿ ಟಾರು ರಸ್ತೆ ಕಾದಿರುವಾಗ ನಡೆಸಬೇಡಿ, ಅಂಗಾಲು ಸುಡುತ್ತದೆ.

ಹೊಡೆತ ಬೇಡ, ಎಚ್ಚರಿಕೆ ಬೇಕು

"ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆಯನ್ನು ನಂಬಿ ಕೈ ಚಾಚಬೇಡಿ. ನಾಯಿ ಕಚ್ಚುವ ಮುನ್ನ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣಿಸುವುದು, ಮೈ ಬಿಗಿಯುವುದು, ಗುರುಗುಟ್ಟುವುದು ಆ ಸೂಚನೆಗಳು. ಗುರುಗುಟ್ಟಿದ್ದಕ್ಕೆ ದೊಣ್ಣೆಯಿಂದ ಹೊಡೆದರೆ ಅದು ಮುಂದೆ ಗುರುಗುಟ್ಟದೆಯೇ ಕಚ್ಚಲು ಕಲಿಯುತ್ತದೆ. ಗುರುಗುಟ್ಟಿದಾಗ ಹಿಂದೆ ಸರಿದು, ಅದಕ್ಕೆ ಏನು ಹಿತವಾಗಲಿಲ್ಲವೆಂದು ಯೋಚಿಸಿ. ಬಾಲ ಅಲ್ಲಾಡಿಸುವುದೆಲ್ಲ ಸ್ನೇಹದ ಗುರುತಲ್ಲ ಎಂಬುದೂ ನೆನಪಿರಲಿ.

ಮಕ್ಕಳಿಗೂ ಪಾಠ ಬೇಕು. ಉಣ್ಣುತ್ತಿರುವ, ಮಲಗಿರುವ, ಮರಿ ಹಾಕಿರುವ ನಾಯಿಯ ತಂಟೆಗೆ ಹೋಗಬಾರದು. ಬಾಲ ಕಿವಿ ಎಳೆಯಬಾರದು. ಬೇರೆಯವರ ನಾಯಿಯನ್ನು ಕೇಳದೆ ಮುಟ್ಟಬಾರದು. ನಾಯಿ ಅಟ್ಟಿಸಿಕೊಂಡು ಬಂದರೆ ಓಡದೆ ಮರದಂತೆ ನಿಲ್ಲಬೇಕು. ಎಷ್ಟೇ ಸಾಧುವಾದ ನಾಯಿಯಾದರೂ ಹಸುಗೂಸಿನ ಬಳಿ ಅದನ್ನು ಒಂಟಿಯಾಗಿ ಬಿಡಬೇಡಿ.

ಲಸಿಕೆ ಇಲ್ಲದ ಶಿಸ್ತು ಶಿಸ್ತಲ್ಲ

ರೇಬೀಸ್ ಅಂದರೆ ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಮನುಷ್ಯರಿಗೆ ಈ ರೋಗ ತಗಲುವುದು ಬಹುಮಟ್ಟಿಗೆ ನಾಯಿಗಳಿಂದಲೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಇದಕ್ಕೆ ಬಲಿಯಾಗುವವರಲ್ಲಿ 100ಕ್ಕೆ 40ರಷ್ಟು ಜನ 15 ವರ್ಷದೊಳಗಿನ ಮಕ್ಕಳು. ಆದರೆ ಲಸಿಕೆಯಿಂದ ಇದನ್ನು ಪೂರ್ತಿ ತಡೆಯಬಹುದು. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ ಮುಂದುವರಿಸಿ. ಇತರ ರೋಗಗಳ ಲಸಿಕೆಗಳು 6ರಿಂದ 8ನೆಯ ವಾರಕ್ಕೇ ಆರಂಭವಾಗುತ್ತವೆ. ಜಂತುಹುಳದ ಔಷಧವೂ ಅವಶ್ಯಕ. ಈ ಭಾಗದವರಿಗೆ ಪಶು ಆಸ್ಪತ್ರೆಗಳಲ್ಲದೆ, 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೂ ಹತ್ತಿರದಲ್ಲಿದೆ. ಮರಿಗಳು ಬೇಡವಾಗಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಹುಟ್ಟಿದ ಮರಿಗಳನ್ನು ಚೀಲದಲ್ಲಿ ತುಂಬಿ ಕೆರೆ ಏರಿಯ ಮೇಲೆ ಬಿಟ್ಟುಬರುವ ಪದ್ಧತಿ ನಿಲ್ಲಬೇಕು. ಇಂದಿನ ಆ ಮರಿಗಳೇ ನಾಳೆ ನಮ್ಮ ಕುರಿಮರಿಗಳನ್ನು ಹಿಡಿಯುವ ಬೀದಿನಾಯಿಗಳ ಹಿಂಡು.

ಯಾವುದೇ ನಾಯಿ ಕಚ್ಚಿದರೂ ಪರಚಿದರೂ, ಸಾಕಿದ್ದೇ ಇರಲಿ ಬೀದಿಯದೇ ಇರಲಿ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಏನನ್ನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಿ, ವೈದ್ಯರು ಬರೆದುಕೊಟ್ಟ ದಿನಗಳಲ್ಲಿ ತಪ್ಪದೆ ಪೂರ್ತಿಗೊಳಿಸಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ. ನಾಟಿ ಮದ್ದಿಗೆ ಕಾಯುತ್ತ ಕಳೆದ ದಿನಗಳು ಜೀವಕ್ಕೆ ಎರವಾಗುತ್ತವೆ.

ಆಹಾರದ ವಿಷಯದಲ್ಲಿ ಒಂದು ಮಾತು. ಮುದ್ದೆ, ಅನ್ನ, ಮೊಸರು, ಮೊಟ್ಟೆ, ಮಾಂಸದ ಚೂರು ಒಳ್ಳೆಯದು. ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ದ್ರಾಕ್ಷಿ ಬೆಳೆಗಾರರು ವಿಶೇಷವಾಗಿ ಗಮನಿಸಬೇಕು: ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಉದುರಿದ ಹಣ್ಣನ್ನು ಅದು ತಿನ್ನದಂತೆ ನೋಡಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ಬೇಯಿಸಿದ ಕೋಳಿಯ ಮೂಳೆ ಕೂಡ ಸಲ್ಲವು.

ವಿಸ್ತರಣಾ ಕಾರ್ಯಕರ್ತರಿಗೆ

ಮಿತ್ರರೆ, ಹಳ್ಳಿಗೆ ಹೋದಾಗ ತಾವು ನಾಯಿಯ ಕಣ್ಣನ್ನು ದಿಟ್ಟಿಸದೆ, ಕಲ್ಲೆತ್ತದೆ, ಓಡದೆ, ಯಜಮಾನ ಬರುವವರೆಗೆ ಪಕ್ಕಕ್ಕೆ ತಿರುಗಿ ನಿಲ್ಲಿ. ಜಾನುವಾರುಗಳ ಲಸಿಕಾ ಶಿಬಿರ ಏರ್ಪಡಿಸುವಾಗ ನಾಯಿಗಳನ್ನೂ ಸೇರಿಸಿಕೊಳ್ಳುವಂತೆ ಪಶುವೈದ್ಯರನ್ನು ಕೇಳಿ. ಪ್ರತಿವರ್ಷ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಈ ರೋಗಕ್ಕೆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನವದು. ಆ ದಿನ ಊರ ಶಾಲೆಯಲ್ಲಿ ಮಕ್ಕಳಿಗೆ ಅರ್ಧ ಗಂಟೆ ಈ ವಿಷಯ ಹೇಳಿಕೊಟ್ಟರೆ ಒಂದು ಜೀವವಾದರೂ ಉಳಿದೀತು.

ರೈತ ಬಾಂಧವರೆ, ಕಚ್ಚಿದ ನಾಯಿಯ ಗತಿ ಏನಾಗುತ್ತದೆಂದು ತಾವೆಲ್ಲ ಬಲ್ಲಿರಿ. ಯಾರೋ ವಿಷ ಹಾಕುತ್ತಾರೆ, ಇಲ್ಲವೆ ಮನೆಯವರೇ ದೂರ ಒಯ್ದು ಬಿಟ್ಟುಬರುತ್ತಾರೆ. ಕಚ್ಚಿಸಿಕೊಂಡ ಮಗುವಿಗೂ ನೋವು, ವರ್ಷಗಟ್ಟಲೆ ಮನೆ ಕಾದ ಪ್ರಾಣಿಗೂ ಕೇಡು, ನೆರೆಹೊರೆಯ ಸಂಬಂಧಕ್ಕೂ ಧಕ್ಕೆ. ಇದನ್ನು ತಪ್ಪಿಸಲು ಬೇಕಾದದ್ದು ದಿನಕ್ಕೆ ಹದಿನೈದು ನಿಮಿಷ, ಒಂದು ಹಿಡಿ ತಿಂಡಿ, ಸ್ವಲ್ಪ ತಾಳ್ಮೆ. ವಯಸ್ಸಾದ ನಾಯಿಯೂ ಕಲಿಯುತ್ತದೆ, ದಿನಗಳು ಮಾತ್ರ ಹೆಚ್ಚು ಹಿಡಿಯುತ್ತವೆ. ಇಂದು ಸಂಜೆ ನಾಯಿಗೆ ಊಟ ಹಾಕುವಾಗ ಒಂದು ಚೂರನ್ನು ಕೈಯಲ್ಲಿ ಹಿಡಿದು "ಕೂತ್ಕೋ" ಎನ್ನಿ. ಕುಳಿತ ಮೇಲೆ ತಟ್ಟೆಯನ್ನು ಕೆಳಗಿಡಿ. ವಾರ ಕಳೆಯುವುದರೊಳಗೆ ತಟ್ಟೆ ಕಂಡೊಡನೆ ಅದೇ ತಾನಾಗಿ ಕೂರುತ್ತದೆ. ಉಳಿದ ಪಾಠಗಳಿಗೆ ಅಲ್ಲಿಂದ ಮುಂದೆ ದಾರಿ ಸುಗಮ.